ಸಾಲ ಇಲ್ಲಮ್ಮ, ಇಎಂಐ ಇದೆ

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮ ಕಾಯಿ ತುರೀತಾ ಕೇಳಿದ್ಲು, "ಸಾಲ ಗೀಲ ಏನೂ ಮಾಡ್ಕೊಂಡಿಲ್ಲ ತಾನೆ?" "ಇಲ್ಲಮ್ಮ" ಅಂದೆ. ಸುಳ್ಳು ಹೇಳ್ತಿದ್ದೀನಿ ಅಂತ ನನಗೇ ಅನ್ನಿಸಲಿಲ್ಲ. ಫೋನಿಗೊಂದು, ಬೈಕಿಗೊಂದು ಇಎಂಐ ಇತ್ತು. ಕಾರ್ಡಿನಲ್ಲಿ 60,000 'ಔಟ್‌ಸ್ಟ್ಯಾಂಡಿಂಗ್' ಇತ್ತು. ಸಾಲ ಅನ್ನೋದು ಅಪ್ಪನ ಕಾಲದವರು ಬೋರ್‌ವೆಲ್ಲಿಗೆ, ಮಗಳ ಮದುವೆಗೆ ಮಾಡ್ತಿದ್ದದ್ದು.

ದುಡ್ಡಿನ ವಿಷಯಕ್ಕೆ ನಾವು ಬಳಸೋ ಇಂಗ್ಲಿಷಿನ ಮೇಲೆ ನನ್ನ ತಕರಾರು ಇಷ್ಟೇ: ಅದು ನಮ್ಮನ್ನ ಗಾಬರಿಯಾಗೋಕೆ ಬಿಡಲ್ಲ. 'ಔಟ್‌ಸ್ಟ್ಯಾಂಡಿಂಗ್' ಅನ್ನೋ ಪದವನ್ನೇ ನೋಡಿ. ಅಪ್ರೈಸಲ್ ಫಾರಂನಲ್ಲಿ ಬಂದರೆ ಬಡ್ತಿ, ಕಾರ್ಡ್ ಬಿಲ್ಲಿನಲ್ಲಿ ಬಂದರೆ ಬಾಕಿ. 'ನಿಮ್ಮ ಕ್ರೆಡಿಟ್ ಲಿಮಿಟ್ ಹೆಚ್ಚಾಗಿದೆ, ಕಂಗ್ರಾಜುಲೇಷನ್ಸ್' ಅಂತ ಮೆಸೇಜ್ ಬಂದರೆ ಒಳಗೊಳಗೇ ಖುಷಿಯಾಗುತ್ತೆ. ಅದನ್ನೇ ಕನ್ನಡದಲ್ಲಿ ಹೇಳಿ ನೋಡಿ: 'ಇನ್ನು ಮೇಲೆ ನೀವು ಇನ್ನಷ್ಟು ಸಾಲ ಮಾಡಬಹುದು, ಅಭಿನಂದನೆಗಳು!'

'ನೋ ಕಾಸ್ಟ್ ಇಎಂಐ' ಇನ್ನೂ ಜಾಣ ಪದ. ಶೂನ್ಯ ಬಡ್ಡಿ ಅನ್ನೋದೇ ಇಲ್ಲ, ಅಂಥ ಸ್ಕೀಮುಗಳಲ್ಲಿ ಬಡ್ಡಿಯನ್ನ ಹೆಚ್ಚಾಗಿ ಪ್ರೊಸೆಸಿಂಗ್ ಫೀ ವೇಷದಲ್ಲಿ ವಸೂಲಿ ಮಾಡ್ತಾರೆ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಪದ ಸ್ವಲ್ಪ ಬದಲಾಯಿತು, ಆಸೆ ಹಾಗೇ ಉಳಿಯಿತು.

'ಮಿನಿಮಮ್ ಡ್ಯೂ' ಕೇಳಿದ್ರೆ ಇಷ್ಟು ಕಟ್ಟಿದ್ರೆ ಸಾಕು ಅನ್ನೋ ಹಾಗಿದೆ. ಲೆಕ್ಕ ಹಾಕೋಣ. 60,000 ಬಿಲ್ಲಿಗೆ 3,000 ಕಟ್ಟಿದಿರಿ ಅಂದುಕೊಳ್ಳಿ. ತಿಂಗಳಿಗೆ ಶೇ. 3.5ರ ಹಾಗೆ ಉಳಿದ 57,000ಕ್ಕೆ ಬಡ್ಡಿ 1,995. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೇರೆ, 359. ಕಟ್ಟಿದ ಮೂರು ಸಾವಿರದಲ್ಲಿ ಅಸಲು ಕರಗಿದ್ದು ಬರೀ 650ರಷ್ಟು.

ಆ 3.5 ಪರ್ಸೆಂಟು ನಮ್ಮೂರಿನ ಭಾಷೆಯಲ್ಲಿ 'ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ'. ನೂರಕ್ಕೆ ಎರಡು ಅಂದ್ರೇನೇ ಅಜ್ಜಿ ಎದ್ದು ಹೋಗ್ತಿದ್ಲು. ಮೀಟರ್ ಬಡ್ಡಿಯಂಥ ದಂಧೆ ತಡೆಯೋಕೆ ಅಂತ ನಮ್ಮ ರಾಜ್ಯದಲ್ಲಿ 2004ರ ಕಾಯ್ದೆಯೇ ಇದೆ. ನಾವು ಮಾತ್ರ ಆ್ಯಪ್ ತೆರೆದು ಬೆರಳು ಒತ್ತಿ ಒಪ್ಪಿಕೊಂಡು ಬರ್ತೀವಿ.

ಹಾಗಂತ ತಪ್ಪೆಲ್ಲ ಇಂಗ್ಲಿಷಿನದಲ್ಲ. ಮನೆ ಅಡ ಇಡೋದಕ್ಕೆ ಆ ಭಾಷೆಯವರು ಹೇಳೋ 'ಮಾರ್ಟ್‌ಗೇಜ್' ಪದದ ಮೂಲದಲ್ಲೇ ಸಾವು ಇದೆ. ಹಳೇ ಫ್ರೆಂಚಿನಲ್ಲಿ ಅದರರ್ಥ 'ಸತ್ತ ಒತ್ತೆ'. 'ಡೆಟ್' ಇದೆ, 'ಬ್ರೋಕ್' ಇದೆ. ಅವನ್ನ ಬಿಟ್ಟು ನಾವು ಕಲಿತದ್ದು ಮಾರೋರ ಇಂಗ್ಲಿಷು. 'ಸ್ಪೆಂಡ್‌ತ್ರಿಫ್ಟ್' ಅಂದ್ರೆ ಮಿತವ್ಯಯಿ ಅಂದುಕೊಂಡು ಇಂಟರ್‌ವ್ಯೂನಲ್ಲಿ ಹೆಮ್ಮೆಯಿಂದ ಹೇಳಿಕೊಂಡ ಗೆಳೆಯನೊಬ್ಬ ಇದ್ದಾನೆ. ಅದರರ್ಥ ದುಂದುಗಾರ.

ಕನ್ನಡದಲ್ಲೂ ತೊಂದರೆ ಇದೆ, ಒಪ್ಪಿಕೊಳ್ಳಬೇಕು. 'ಸಾಲಗಾರ' ಅನ್ನೋ ಪದದಲ್ಲಿ ಎಷ್ಟು ಅವಮಾನ ಇದೆ ಅಂದ್ರೆ, ಜನ ಬಾಯಿಬಿಡದೇ ಒಳಗೇ ಕೊರಗ್ತಾರೆ. ಇಎಂಐ ಬಗ್ಗೆ ಆಫೀಸಿನ ಊಟದ ಮೇಜಲ್ಲಿ ಆರಾಮಾಗಿ ಮಾತಾಡಬಹುದು, ಅದು ಒಳ್ಳೇದೇ. ಆದ್ರೆ ನಾಚಿಕೆ ಬಿಡೋ ಭರದಲ್ಲಿ ಲೆಕ್ಕವನ್ನೂ ಬಿಟ್ಟೆವಲ್ಲ?

ಹಾಗಾಗಿ ತಿಂಗಳಿಗೊಮ್ಮೆ ಬಿಲ್ಲನ್ನ ಕನ್ನಡದಲ್ಲಿ ಓದೋಕೆ ಶುರು ಮಾಡಿದ್ದೀನಿ: ಸಾಲ ಇಷ್ಟು, ಬಡ್ಡಿ ಇಷ್ಟು, ತೀರಿದ್ದು ಇಷ್ಟು. ಮೊದಲ ಸಲ ಓದಿದ ರಾತ್ರಿ ಅಮ್ಮಂಗೆ ಫೋನ್ ಮಾಡಿ ನಿಜ ಹೇಳಿದೆ.

"ಬಡ್ಡಿ ಎಷ್ಟೋ?" ಅಂದ್ಲು.

"ನೂರಕ್ಕೆ ಮೂರೂವರೆ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ನನ್ನ ಚೀಟಿ ದುಡ್ಡು ಬಂದಿದೆ, ಮೊದಲು ಅದನ್ನ ತೀರಿಸು" ಅಂದ್ಲು.