ಹಳೆಯ ಪಿಕಪ್ಪಿನ ಜೀರ್ಣೋದ್ಧಾರ

ಮಲೆನಾಡಿನ ಕಾಫಿತೋಟಗಳಲ್ಲಿ ಪಲ್ಪಿಂಗ್ ಮನೆಯ ಹಿಂಬದಿಗೋ ಗೊಬ್ಬರದ ಕೊಟ್ಟಿಗೆಯ ಮೂಲೆಗೋ ಹೋಗಿ ನೋಡಿದರೆ, ಜೀಪಿನ ಮುಖವನ್ನೂ ಲಾರಿಯ ಬೆನ್ನನ್ನೂ ಹೊತ್ತ ಹಳೆಯ ಮಹೀಂದ್ರಾ ಪಿಕಪ್ಪೊಂದು, ಹರಿದ ಟಾರ್ಪಾಲಿನ ಅಡಿಯಲ್ಲಿ, ಗಾಳಿ ಹೋದ ಟೈರುಗಳ ಮೇಲೆ ನಿಂತಿರುವುದು ಇಂದಿಗೂ ಅಪರೂಪವಲ್ಲ. ಗುಜರಿಯವನು ಕೇಳುವ ತೂಕದ ಬೆಲೆಗೆ ಅದನ್ನು ಕೊಟ್ಟುಬಿಡಲು ಮನಸ್ಸು ಬಾರದೆ, ಹೊಸದಾಗಿಸುವಷ್ಟು ಹಣವೂ ಕೈಯಲ್ಲಿಲ್ಲದೆ, ತೋಟದವರು ಅದನ್ನು ಹಾಗೆಯೇ ಬಿಟ್ಟಿರುತ್ತಾರೆ. ಈ ವಾರ ನಾನು ಬರೆಯಹೊರಟಿರುವುದು ಇಂಥ ಮನಸ್ಸುಳ್ಳ, ಆದರೆ ಸಣ್ಣ ಗಂಟಿನ ಗೃಹಸ್ಥರಿಗಾಗಿ. ಮಿತವ್ಯಯದಲ್ಲಿ ಇಂಥ ವಾಹನವನ್ನು ಉದ್ಧರಿಸುವುದು ಸಾಧ್ಯವೆಂದಷ್ಟೇ ನನ್ನ ಮಾತು ನಿಲ್ಲುವುದಿಲ್ಲ. ಹಣದ ಅಭಾವವೇ ಕೆಲಸಕ್ಕೊಂದು ಕ್ರಮವನ್ನೂ ಸಂಯಮವನ್ನೂ ತಂದುಕೊಟ್ಟು, ಧಾರಾಳವಾಗಿ ಖರ್ಚುಮಾಡಿ ಮಾಡಿಸಿದ ಗಾಡಿಗಿಂತ ಸತ್ಯವಾದ ಗಾಡಿಯನ್ನು ಎಷ್ಟೋ ಸಲ ಕೊಡುತ್ತದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಗಾಡಿಯ ವಂಶಾವಳಿಯನ್ನು ಅರಿತವನಿಗೆ ಅದರ ಚಿಕಿತ್ಸೆ ಸುಲಭವಾಗುತ್ತದೆ. ಅಮೆರಿಕದ ವಿಲ್ಲಿಸ್ ಕಂಪನಿಯ ಜೀಪನ್ನು ಸ್ವಾತಂತ್ರ್ಯ ಬಂದ ಸುಮಾರಿನಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದ ಮಹೀಂದ್ರಾದವರು, ತರುವಾಯ ಅದರ ‘ಸಿಜೆ-3ಬಿ’ ಎಂಬ ಮಾದರಿಯನ್ನು, ಮೂಲ ದೇಶದಲ್ಲಿ ಅದರ ತಯಾರಿಕೆ ನಿಂತ ಮೇಲೆಯೂ ದಶಕಗಳ ಕಾಲ, ಇಲ್ಲಿಯೇ ತಯಾರಿಸುತ್ತ ಬಂದರು. ಒಳಸೇರುವ ಗಾಳಿಯ ವಾಲ್ವುಗಳು ಹೆಡ್ಡಿನಲ್ಲಿಯೂ ಹೊಗೆ ಹೊರಹೋಗುವ ವಾಲ್ವುಗಳು ಬ್ಲಾಕಿನಲ್ಲಿಯೂ ಇದ್ದ ಅದರ ಪೆಟ್ರೋಲ್ ಇಂಜಿನ್ ಎತ್ತರವಾಗಿದ್ದುದರಿಂದಲೇ ಅದರ ಬಾನೆಟ್ಟು ಅಷ್ಟು ಎತ್ತರವಾಯಿತು; ನಮ್ಮ ಕಣ್ಣಿಗೆ ಪರಿಚಿತವಾದ ಆ ಗಂಭೀರ ಮುಖದ ಕಾರಣ ಅಷ್ಟೇ. ಮುಂದೆ ಫ್ರಾನ್ಸಿನ ಪ್ಯೂಜೋ ಕಂಪನಿಯ ಪರವಾನಗಿಯಿಂದ ‘ಎಕ್ಸ್‌ಡಿಪಿ 4.90’ ಎಂಬ ಡೀಸೆಲ್ ಇಂಜಿನ್ ಬಂದಿತು. ನಾಲ್ಕು ಸಿಲಿಂಡರು, 90 ಮಿಲಿಮೀಟರ್ ಬೋರು, 83 ಮಿಲಿಮೀಟರ್ ಸ್ಟ್ರೋಕು, ಒಟ್ಟು 2112 ಸಿ.ಸಿ. ತೋಟಗಳಲ್ಲಿ ನಿಂತಿರುವ ಪಿಕಪ್ಪುಗಳ ಪೈಕಿ ಬಹುಪಾಲಿನ ಎದೆಯೊಳಗೆ ಇರುವುದು ಇದೇ. ಒಂದೇ ಬಗೆಯ ಹೌಸಿಂಗು, ಕಮಾನು, ಬ್ರೇಕು, ಗೇರ್ ಬಾಕ್ಸುಗಳು ಹಲವು ಮಾದರಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದುದರಿಂದ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಶಿವಾಜಿನಗರದ ಗುಜರಿ ಓಣಿಗಳಲ್ಲಾಗಲಿ ಇದರ ಬಿಡಿಭಾಗ ಹುಡುಕುವವನು ಬರಿಗೈಯಲ್ಲಿ ಹಿಂದಿರುಗುವುದು ವಿರಳ. ಬಡವನ ಜೀರ್ಣೋದ್ಧಾರಕ್ಕೆ ಇದಕ್ಕಿಂತ ಯೋಗ್ಯವಾದ ವಾಹನ ನಮ್ಮ ನಾಡಿನಲ್ಲಿ ಮತ್ತೊಂದಿಲ್ಲ.

ಸ್ಪ್ಯಾನರು ಹಿಡಿಯುವ ಮೊದಲು ಕಾಗದಪತ್ರ. ಛಾಸಿಯ ಮೇಲೆ ಕೊರೆದ ಸಂಖ್ಯೆಯೂ ಆರ್.ಸಿ. ಪುಸ್ತಕದಲ್ಲಿರುವ ಸಂಖ್ಯೆಯೂ ಅಕ್ಷರಶಃ ಒಂದಾಗಿರಬೇಕು. ಯಾವಾಗಲೋ ತೀರಿದ ಸಾಲದ ನಮೂದು ಪುಸ್ತಕದಲ್ಲಿ ಹಾಗೆಯೇ ಉಳಿದಿದ್ದರೆ, ಸಾಲ ಕೊಟ್ಟವರಿಂದ ತೀರುವಳಿ ಪತ್ರ ತಂದು ಅದನ್ನು ಮೊದಲೇ ಹೊಡೆಸಿಹಾಕಬೇಕು. ಖಾಸಗಿ ವಾಹನಕ್ಕೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕಾಗುವುದಷ್ಟೆ. 600 ರೂಪಾಯಿಯಿದ್ದ ಆ ಶುಲ್ಕ 2022ರ ಏಪ್ರಿಲ್ 1ರಿಂದ 5000 ರೂಪಾಯಿಗೆ ಏರಿತು. ಸರಕು ವಾಹನವೆಂದು ನೋಂದಣಿಯಾಗಿದ್ದರೆ, ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷವೂ ಎಫ್.ಸಿ. (ಅರ್ಹತಾ ಪತ್ರ) ಮಾಡಿಸಬೇಕು. ಆದುದರಿಂದ ಆರ್.ಟಿ.ಓ. ಕಛೇರಿಯಲ್ಲಿ ಈಗಿನ ದರವನ್ನೂ ಬಾಕಿ ತೆರಿಗೆಯನ್ನೂ ವಿಚಾರಿಸಿಕೊಂಡು, ಆ ಮೊತ್ತವನ್ನು ಮೊದಲೇ ಗಂಟಿನಿಂದ ಎತ್ತಿಡತಕ್ಕದ್ದು. 2021ರ ನಿಯಮಗಳು ಐವತ್ತು ವರ್ಷ ಮೀರಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿಯ ಅವಕಾಶವಿತ್ತಿವೆಯಾದರೂ, ಅಂಥ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ದುಡಿಯಲೆಂದು ಹುಟ್ಟಿದ ಗಾಡಿಯನ್ನು ಆ ದಾರಿಗೆ ಕಳುಹಿಸಲು ನನಗೆ ಮನಸ್ಸಿಲ್ಲ.

ಇನ್ನು ಪರೀಕ್ಷೆ. ಗಾಡಿಯನ್ನು ನಾಲ್ಕು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಕೆಳಗೆ ಗೋಣಿ ಹಾಸಿಕೊಂಡು ಮಲಗಿ, ಚಿಕ್ಕ ಸುತ್ತಿಗೆಯೊಂದನ್ನು ಹಿಡಿದು, ಹಲಸಿನ ಹಣ್ಣನ್ನು ಬಡಿದು ನೋಡುವಂತೆ ಛಾಸಿಯನ್ನು ಮುಂದಿನ ತುದಿಯಿಂದ ಹಿಂದಿನ ತುದಿಯವರೆಗೆ ಗೇಣುಗೇಣಿಗೂ ಬಡಿದು ಕೇಳಬೇಕು. ಆರೋಗ್ಯವಾದ ಉಕ್ಕು ಸ್ಪಷ್ಟವಾಗಿ ನಾದಗೊಡುತ್ತದೆ. ತುಕ್ಕು ಹೊಟ್ಟೆಗೆ ಇಳಿದ ಕಡೆ ಸದ್ದು ಮಂಕಾಗುತ್ತದೆ, ಒಡನೆ ಕೆಂಪು ಹಕ್ಕಳೆ ಮುಖದ ಮೇಲೆ ಉದುರುತ್ತದೆ. ಹಾಗೆ ಮಂಕಾದ ಸ್ಥಳದಲ್ಲಿ ಸ್ಕ್ರೂ ಡ್ರೈವರನ್ನು ಒತ್ತಿ ನೋಡಿ, ಅದು ಒಳಗೆ ಇಳಿದರೆ ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋಗಬೇಕು. ಕಮಾನಿನ ಕೊಂಡಿಗಳು ಛಾಸಿಗೆ ಸೇರುವೆಡೆ, ಆಮ್ಲ ಚೆಲ್ಲಿ ಚೆಲ್ಲಿ ತಗಡು ತಿಂದುಹೋಗಿರುವ ಬ್ಯಾಟರಿ ತಟ್ಟೆಯ ಕೆಳಭಾಗ, ಡ್ರೈವರನ ಕಾಲಡಿಯ ಮ್ಯಾಟಿನ ಅಡಿ, ಬಾಡಿಯನ್ನು ಹಿಡಿದಿರುವ ಬೋಲ್ಟುಗಳ ಸುತ್ತ — ಎರಡು ತಗಡು ಒಂದರ ಮೇಲೊಂದು ಕೂತು ನಡುವೆ ನೀರು ನಿಲ್ಲುವ ಇಂಥ ಜಾಗಗಳೇ ತುಕ್ಕಿನ ತವರು. ತೋಟದ ಗಾಡಿಗೆ ಮತ್ತೊಂದು ಶತ್ರುವಿದೆ. ಕಾಫಿ ಗಿಡಕ್ಕೆ ಹಾಕುವ ಪೊಟ್ಯಾಷ್ ಗೊಬ್ಬರ ಕ್ಲೋರೈಡು. ಹರಿದ ಚೀಲಗಳಿಂದ ಸೋರಿದ ಅದರ ಹುಡಿ ಮಳೆನೀರಿನಲ್ಲಿ ಕರಗಿ ಹಿಂದಿನ ಬಾಡಿಯ ಮೂಲೆಗಳಿಗೆ ಇಳಿದರೆ, ಸಮುದ್ರದ ಉಪ್ಪುಗಾಳಿ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಆ ಮೂಲೆಗಳನ್ನು ಒಳ್ಳೆಯ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸದೆ ಮೇಲೆ ಬಣ್ಣ ಬಳಿಯುವುದೆಂದರೆ ಶತ್ರುವನ್ನು ಒಳಗಿಟ್ಟು ಬಾಗಿಲು ಹಾಕಿದಂತೆಯೇ ಸರಿ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆಗೆ ಪುಟ್ಟಿ ಮೆತ್ತಿ ಮಾರಾಟಕ್ಕಿಟ್ಟ ಜೀಪುಗಳಷ್ಟು ಒಳ್ಳೆಯ ನಿದರ್ಶನ ನನಗೆ ಬೇರೆ ಕಂಡಿಲ್ಲ.

ಛಾಸಿ ಉಳಿಯುವಂತಿದೆಯೆಂದು ಖಾತ್ರಿಯಾದ ಮೇಲೆ ಹಣ ಮೊದಲು ಹೋಗಬೇಕಾದುದು ಬ್ರೇಕಿಗೆ. ಈ ವಿಷಯದಲ್ಲಿ ಮೂಡಿಗೆರೆಯ ಕಡೆಯ ಹಿರಿಯ ಮೇಸ್ತ್ರಿಯೊಬ್ಬರು, ಇಂಜಿನನ್ನು ಮೊದಲು ಚಾಲೂ ಮಾಡಿ ಕೇಳಬೇಕೆಂಬ ಆತುರದಲ್ಲಿದ್ದ ನನ್ನ ಸ್ನೇಹಿತರಿಗೆ, “ಬ್ರೇಕ್ ಆಗ್ದೆ ನಾನು ಇಂಜಿನ್ ಮುಟ್ಟಲ್ಲ ಸಾರ್, ಇಳಿಜಾರಿನ ಊರು ನಮ್ದು” ಎಂದು ಖಂಡಿತವಾಗಿ ಹೇಳಿದ್ದುಂಟು. ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ಸರಣಿಯಲ್ಲಿ ಬ್ರೇಕ್ ಆಯಿಲ್ ಹರಿಯುತ್ತದೆ. ಎಲ್ಲಿಯಾದರೂ ಒಂದು ಪೈಪು ಒಡೆದರೆ ನಾಲ್ಕೂ ಒಟ್ಟಿಗೆ ಹೋದವು. ಆ ಆಯಿಲ್ ಗಾಳಿಯ ತೇವವನ್ನು ಹೀರುವ ಸ್ವಭಾವದ್ದಾದ್ದರಿಂದ ವರ್ಷಗಟ್ಟಲೆ ನಿಂತ ಗಾಡಿಯ ಉಕ್ಕಿನ ಪೈಪುಗಳು ಹೊರಗೆ ನಿರ್ಮಲವಾಗಿ ಕಂಡರೂ ಒಳಗಿನಿಂದ ತುಕ್ಕು ಹಿಡಿದಿರುತ್ತವೆ. ಪೈಪುಗಳನ್ನೂ ರಬ್ಬರ್ ಹೋಸುಗಳನ್ನೂ ಪೂರ್ತಿ ಹೊಸದಾಗಿ ಹಾಕಿಸಬೇಕು. ಇಲ್ಲಿ ಉಳಿತಾಯದ ಮಾತೇ ಕೂಡದು. ಚಕ್ರದ ಸಿಲಿಂಡರುಗಳ ಒಳಮೈ ಸವೆದಿದ್ದರೆ ಲೇತಿನವನಲ್ಲಿ ಹಿತ್ತಾಳೆಯ ಸ್ಲೀವ್ ಹಾಕಿಸಿಕೊಳ್ಳಬಹುದು, ಬೀಡು ಬಿರುಕು ಬಿಟ್ಟಿದ್ದರೆ ಮಾತ್ರ ಹೊಸದು ಕೊಳ್ಳಬೇಕು. ಕೈಗೆ ಎಟುಕಿದರೆ, ಮುಂದಿಗೂ ಹಿಂದಿಗೂ ಬೇರೆಬೇರೆ ಸರಣಿಯಿರುವ ಮಾಸ್ಟರ್ ಸಿಲಿಂಡರನ್ನು ಕೂಡಿಸುವುದು ನಾನು ಮನಃಪೂರ್ವಕವಾಗಿ ಒಪ್ಪುವ ಏಕಮಾತ್ರ ಮಾರ್ಪಾಡು. ಡ್ರಮ್ಮಿನೊಳಗಿನ ಹಳೆಯ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಆ ಕಾಲದ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಇಂಜಿನ್ನಿನ ವಿಚಾರದಲ್ಲಿ ಜನರು ಅನಾವಶ್ಯಕವಾಗಿ ಕೈ ಸುಟ್ಟುಕೊಳ್ಳುವುದನ್ನು ಕಂಡು ನನಗೆ ಬಹಳ ವ್ಯಥೆಯಾಗಿದೆ. ಪ್ಯೂಜೋ ಇಂಜಿನ್ನಿನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ನಿನ ಮೇಲೆ ಬೀಳುವುದಿಲ್ಲ. ಹೆಡ್ಡಿನೊಳಗಿನ ಸಣ್ಣದೊಂದು ಗೂಡಿನಲ್ಲಿ, ಸುಳಿಸುತ್ತುವ ಬಿಸಿಗಾಳಿಯಲ್ಲಿ ಮೊದಲು ಹೊತ್ತಿಕೊಂಡು ಆಮೇಲೆ ಸಿಲಿಂಡರಿಗೆ ನುಗ್ಗುತ್ತದೆ. ಬ್ರಿಟಿಷ್ ಎಂಜಿನಿಯರ್ ಹ್ಯಾರಿ ರಿಕಾರ್ಡೋ ರೂಪಿಸಿದ ಈ ವಿಧಾನದಲ್ಲಿ ಇಂಜಿನ್ ಮೃದುವಾಗಿ ನಡೆಯುತ್ತದೆ, ಆದರೆ ಗೂಡಿನ ಗೋಡೆಗಳು ಶಾಖವನ್ನು ಹೀರಿಕೊಳ್ಳುವುದರಿಂದ ತಣ್ಣಗಿರುವಾಗ ಹೀಟರ್ ಪ್ಲಗ್ಗಿನ ನೆರವಿಲ್ಲದೆ ಚಾಲೂ ಆಗುವುದು ಕಷ್ಟ. ಡಿಸೆಂಬರಿನ ಮುಂಜಾವಿನಲ್ಲಿ ಎಷ್ಟು ಸೆಲ್ಫ್ ಹೊಡೆದರೂ ಬಿಳಿ ಹೊಗೆಯುಗುಳುತ್ತ ಮೊಂಡು ಹಿಡಿಯುವ ಇಂಜಿನ್ನಿಗೆ ರಿಂಗು ಹೋಗಿದೆ, ಬೋರು ಹೋಗಿದೆ ಎಂದು ತೀರ್ಪಿತ್ತು ಬಿಚ್ಚಿ ಹಾಕುವವರು, ಅತ್ಯಲ್ಪ ಬೆಲೆಯ ಆ ನಾಲ್ಕು ಹೀಟರುಗಳನ್ನು ಒಂದೊಂದಾಗಿ ಪರೀಕ್ಷಿಸಿದ್ದರೆ ಎಷ್ಟೋ ಕಡೆ ಗಂಟು ಕರಗುವುದು ತಪ್ಪುತ್ತಿತ್ತು. ಬಿಸಿಯಾದ ಮೇಲೆಯೂ ನೀಲಿ ಹೊಗೆ ಬಿಡದೆ, ಆಯಿಲ್ ಕುಡಿಯದೆ, ಕಂಪ್ರೆಷನ್ ನಾಲ್ಕರಲ್ಲಿಯೂ ಹತ್ತಿರಹತ್ತಿರ ಸಮನಾಗಿದ್ದರೆ ಆ ಇಂಜಿನ್ನನ್ನು ತೆರೆಯಬೇಡಿ. ಪಂಪು ಮತ್ತು ನಾಝಲುಗಳನ್ನು ಮಾತ್ರ ಬಿಚ್ಚಿ ಪಂಪ್ ಸರ್ವೀಸಿನವರಲ್ಲಿಗೆ ಒಯ್ಯಿರಿ; ಮನೆಯಲ್ಲಿ ಅದರ ಸ್ಕ್ರೂಗಳನ್ನು ತಿರುಗಿಸುವ ಸಾಹಸ ಬೇಡ. 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಾರ್ಖಾನೆಯ ದೆಸೆಯಿಂದ ಡೀಸೆಲ್ ಪಂಪಿನ ವಿದ್ಯೆ ನಮ್ಮ ನಾಡಿನ ಸಣ್ಣ ಪೇಟೆಗಳಲ್ಲಿಯೂ ನೆಲೆಯೂರಿರುವುದು ನಮ್ಮ ಭಾಗ್ಯ.

ಇನ್ನು ಅಲ್ಪ ಹಣದ ಮಹೋಪಕಾರಿಯೊಂದನ್ನು ಹೇಳಬೇಕು. ಬಾಗಿಲ ಕೀಲು, ಅಗುಳಿ, ಬ್ರಾಕೆಟ್ಟು, ಹಿಂದಿನ ಬಾಗಿಲ ಕೊಂಡಿ ಮೊದಲಾದ ತುಕ್ಕುಹಿಡಿದ ಸಣ್ಣ ಭಾಗಗಳನ್ನು ಉಜ್ಜಿ ಉಜ್ಜಿ ಸವೆಸುವುದಕ್ಕೆ ಬದಲಾಗಿ, ಪ್ಲಾಸ್ಟಿಕ್ ಡ್ರಮ್ಮೊಂದರಲ್ಲಿ ನೀರು ತುಂಬಿ ಬಟ್ಟೆ ಒಗೆಯುವ ಸೋಡಾ ಕರಗಿಸಿ, ಭಾಗವನ್ನು ತಂತಿಯಲ್ಲಿ ಇಳಿಬಿಟ್ಟು ಬ್ಯಾಟರಿ ಚಾರ್ಜರಿನ ಋಣ ತುದಿಗೂ, ಅದರ ಸುತ್ತ ನೀರಿಗೆ ಇಳಿಸಿದ ನಿರುಪಯೋಗಿ ಕಬ್ಬಿಣದ ಪಟ್ಟಿಗಳನ್ನು ಧನ ತುದಿಗೂ ಸೇರಿಸಿದರೆ, ಭಾಗದ ಮೈತುಂಬ ಸಣ್ಣ ಗುಳ್ಳೆಗಳೇಳತೊಡಗಿ, ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ಕಪ್ಪು ಕೆಸರಾಗಿ ಸಡಿಲಗೊಂಡು ಬ್ರಷ್ಷಿಗೆ ಬಿಟ್ಟುಕೊಡುತ್ತದೆ. ಒಳ್ಳೆಯ ಲೋಹ ಕೂದಲೆಳೆಯಷ್ಟೂ ನಷ್ಟವಾಗುವುದಿಲ್ಲ. ಕಾರ್ಖಾನೆಯವರು ಒತ್ತಿದ ಅಂಕಿಗಳು ಮತ್ತೆ ಓದಲು ಬರುವಾಗ ಆಗುವ ಸಂತೋಷವನ್ನು ಆ ಕೆಲಸ ಮಾಡಿದವರೇ ಬಲ್ಲರು. ಆ ಗುಳ್ಳೆಗಳು ಜಲಜನಕ. ಬೆಂಕಿಯಿಂದ ದೂರ, ಬಯಲಿನಲ್ಲಿಯೇ ಈ ಕೆಲಸ ಮಾಡಬೇಕು. ಧನ ತುದಿಗೆ ಸ್ಟೇನ್‌ಲೆಸ್ ಉಕ್ಕನ್ನು ಎಂದಿಗೂ ಕಟ್ಟಕೂಡದು, ಅದರ ಕ್ರೋಮಿಯಂ ನೀರನ್ನು ವಿಷವಾಗಿಸುತ್ತದೆ. ಕಮಾನು ಪಟ್ಟಿ, ಚಕ್ರದ ಬೋಲ್ಟು ಮುಂತಾದ ಹದವಿಟ್ಟ ಉಕ್ಕಿನ ವಸ್ತುಗಳನ್ನೂ ಇದರಲ್ಲಿ ಮುಳುಗಿಸಬಾರದು. ಜಲಜನಕ ಒಳಹೊಕ್ಕು ಅವು ಪೆಡಸಾಗಿ ಮುರಿಯುತ್ತವೆ.

ಕಮಾನುಗಳನ್ನು ಪಟ್ಟಿ ಕೆಲಸದವನಲ್ಲಿ ಬಿಚ್ಚಿಸಿ, ಕುಸಿದ ಪಟ್ಟಿಗಳಿಗೆ ಬಾಗು ಕೊಡಿಸಿ, ನಡುವೆ ಗ್ರಾಫೈಟ್ ಗ್ರೀಸು ಸವರಿಸಿ, ಬುಷ್ಷುಗಳನ್ನಷ್ಟೇ ಹೊಸದು ಹಾಕಿಸಿದರೆ ಸಾಕು. ವೈರಿಂಗು ಬಿರುಕುಬಿಟ್ಟಿದ್ದರೆ ಮಾತ್ರ ತೇಪೆ ಹಾಕದೆ ಪೂರ್ತಿ ಬದಲಾಯಿಸಿ, ಹೆಡ್‌ಲೈಟಿಗೆ ರಿಲೇ ಇಡಿಸಿರಿ. ಸ್ವಿಚ್ಚಿನ ದೂರದ ದಾರಿ ತಪ್ಪಿ ಬ್ಯಾಟರಿಯಿಂದ ನೇರವಾಗಿ ಕರೆಂಟು ಬರುವುದರಿಂದ ಅವೇ ಹಳೆಯ ದೀಪಗಳು ಎರಡರಷ್ಟು ಬೆಳಗಿದಂತೆ ತೋರುತ್ತವೆ.

ಹಿಂದಿನ ಬಾಡಿಯ ತಗಡು ತೂತಾದ ಮೇಲೆ ಅನೇಕ ತೋಟಗಳಲ್ಲಿ ಮರದ ಹಲಗೆ ಹಾಸಿಸಿರುವುದುಂಟು. ಇದನ್ನು ಕಿತ್ತೆಸೆದು ಹೊಳೆಯುವ ಚೌಕಳಿ ತಗಡು ಹೊದಿಸುವ ಈಚಿನ ರೂಢಿ ನನಗೆ ಹಿಡಿಸದು. ತೋಟದಲ್ಲಿ ಸುಲಭವಾಗಿ ದೊರೆಯುವ ಸಿಲ್ವರ್ ಓಕ್ ಮಳೆಗೆ ಬಾಳದು. ಹೊನ್ನೆ ಅಥವಾ ಮತ್ತಿಯ ಹಳೆಯ ಹಲಗೆಗಳು, ಕೆಡವಿದ ಮನೆಯ ತೊಲೆ ಕದಗಳಿಂದ ಬಂದವಾದರೆ ಇನ್ನೂ ಉತ್ತಮ, ಹದವಾಗಿ ಒಣಗಿರುವುದರಿಂದ ಸೊಟ್ಟಾಗುವುದಿಲ್ಲ. ಹಲಗೆಗೂ ಹಲಗೆಗೂ ನಡುವೆ ನೀರಿಳಿಯಲು ಬೆರಳ ದಪ್ಪಕ್ಕಿಂತ ಕಡಿಮೆ ಸಂದು ಬಿಟ್ಟು, ಬೋಲ್ಟಿನ ತಲೆ ಮರದೊಳಗೆ ಮುಳುಗುವಂತೆ ಕೊರೆದು, ಕಾಯಿಸಿದ ಅಗಸೆ ಎಣ್ಣೆಯನ್ನು ಮರ ಕುಡಿಯುವಷ್ಟು ಕುಡಿಸಬೇಕು. ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯದಿರಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇರಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಅದನ್ನು ಹರವಿ ಒಣಗಿಸಿ.

ಬಣ್ಣದ ಮಾತಿಗೆ ಬರುವಷ್ಟರಲ್ಲಿ ಗಂಟು ಖಾಲಿಯಾಗಿರುತ್ತದೆ, ಮತ್ತು ಹಾಗಾಗಿರುವುದೇ ಒಳ್ಳೆಯದು. ಬೆಂಗಳೂರಿನ ವಾಹನ ಪ್ರದರ್ಶನಗಳಲ್ಲಿ ಕನ್ನಡಿಯಂತೆ ಹೊಳೆಯುವ, ದಪ್ಪ ಟೈರುಗಳ, ಮೂಲದಲ್ಲಿ ಎಂದೂ ಇರದಿದ್ದ ಕ್ರೋಮು ಹೊತ್ತ ಜೀಪುಗಳನ್ನು ನೋಡುವಾಗ, ಇಷ್ಟೊಂದು ಹಣ ಸುರಿದು ಇವರು ಉಳಿಸಿದುದೇನೆಂದು ನಾನು ವಿಷಾದದಿಂದ ಯೋಚಿಸಿದ್ದೇನೆ. ಕಾರ್ಖಾನೆಯ ಮೂಲ ಬಣ್ಣ ಎಲ್ಲಿ ಗಟ್ಟಿಯಾಗಿ ಅಂಟಿಕೊಂಡಿದೆಯೋ ಅಲ್ಲಿ ಅದನ್ನು ತೊಳೆದು, ಕಾಂಪೌಂಡಿನಿಂದ ತಿಕ್ಕಿ, ಮೇಣ ಹಚ್ಚಿ ಉಳಿಸಿಕೊಳ್ಳಿ. ವೆಲ್ಡಿಂಗ್ ಮಾಡಿದ ಕಡೆಗಳಲ್ಲಿ ಮಾತ್ರ ಪ್ರೈಮರು ಹೊಡೆಸಿ, ಅದೇ ಛಾಯೆಯ ಇನಾಮೆಲ್ ಬಳಿಯಿರಿ. ಹೊಸ ತೇಪೆ ಹಳೆಯದರೊಡನೆ ಸಂಪೂರ್ಣವಾಗಿ ಬೆರೆಯದಿದ್ದರೂ ಚಿಂತಿಲ್ಲ. ಬಾಗಿಲ ಮೇಲೆ ಎಸ್ಟೇಟಿನ ಹೆಸರನ್ನು ಪೇಂಟರನೊಬ್ಬ ಕೈಯಾರೆ ಬರೆದಿದ್ದರೆ, ಅದು ಅರ್ಧ ಮಾಸಿದ್ದರೂ ಸರಿಯೇ, ಅದನ್ನು ಮುಟ್ಟಬೇಡಿರೆಂಬುದು ನನ್ನ ಬಿನ್ನಹ.

ಕಾಲದ ವಿಷಯದಲ್ಲಿ ಒಂದು ಮಾತು. ನವೆಂಬರಿನಲ್ಲಿ ಮಳೆ ಬಿಟ್ಟು ಗಾಳಿ ಒಣಗಿದ ಮೇಲೆ ಛಾಸಿ, ವೆಲ್ಡಿಂಗ್, ಬಣ್ಣದ ಕೆಲಸಗಳನ್ನು ಕೈಗೆತ್ತಿಕೊಂಡು ಏಪ್ರಿಲಿನೊಳಗೆ ಮುಗಿಸಬೇಕು. ತೇವದಲ್ಲಿ ಹೊಡೆದ ಪ್ರೈಮರಿನ ಕೆಳಗೆ ಅದೇ ವರ್ಷ ತುಕ್ಕು ಮತ್ತೆ ಏಳುತ್ತದೆ. ಪಂಪು, ಡೈನಮೋ, ಗೇರ್ ಬಾಕ್ಸು, ಸೀಟಿನ ಹೊಲಿಗೆ ಮೊದಲಾದ ಸೂರಿನಡಿಯ ಕೆಲಸಗಳನ್ನು ಜೂನಿನಿಂದ ಸೆಪ್ಟೆಂಬರಿನವರೆಗಿನ ಜಡಿಮಳೆಗೆ ಉಳಿಸಿಕೊಳ್ಳಿ. ಹೀಗೆ ಎರಡು ಮಳೆಗಾಲಗಳಿಗೆ ಹಂಚಿದರೆ ತಿಂಗಳ ಸಂಬಳದಲ್ಲಿ ಮಿಗುವ ಹಣದಿಂದಲೇ, ಸಾಲದ ಗೊಡವೆಯಿಲ್ಲದೆ, ಎಫ್.ಸಿ.ಗೆ ನಿಲ್ಲಿಸುವಂಥ ಗಾಡಿ ಅಂಗಳದಲ್ಲಿರುತ್ತದೆ.