ಸಾಲಪತ್ರವನ್ನು ಓದುವ ಬಗೆ

ಸಾಲಪತ್ರವೂ ಒಂದು ಬಗೆಯ ಗದ್ಯವೇ. ಅದರಲ್ಲಿ ಅಲಂಕಾರಕ್ಕೆಂದು ಬಂದ ಪದ ಒಂದೂ ಇರುವುದಿಲ್ಲ. ಒಂದೊಂದು ಪದಕ್ಕೂ ಹಣದಲ್ಲಿ ಬೆಲೆ ಕಟ್ಟಬಹುದು. ಆದರೂ ದೇಶದೇಶಗಳ ನಡುವಣ ಸಾಲವನ್ನು ಕುರಿತು ಬರೆಯುವವರು ಬಹುಮಟ್ಟಿಗೆ ಮೊತ್ತವನ್ನು ಎಣಿಸುತ್ತಾರೆಯೇ ಹೊರತು ಪತ್ರವನ್ನು ಬಿಡಿಸಿ ಓದುವುದಿಲ್ಲ. ೨೦೨೧ರಲ್ಲಿ ಪ್ರಕಟವಾದ 'ಹೌ ಚೈನಾ ಲೆಂಡ್ಸ್' ಎಂಬ ಅಧ್ಯಯನ ಈ ರೂಢಿಯನ್ನು ಮುರಿದುದರಿಂದ ಸಾಹಿತ್ಯದ ಪುಟದಲ್ಲಿಯೂ ಅದಕ್ಕೆ ಜಾಗ ಸಲ್ಲಬೇಕು. ಅನ್ನಾ ಗೆಲ್‌ಪರ್ನ್, ಸೆಬಾಸ್ಟಿಯನ್ ಹಾರ್ನ್, ಸ್ಕಾಟ್ ಮಾರಿಸ್, ಬ್ರಾಡ್ ಪಾರ್ಕ್ಸ್, ಕ್ರಿಸ್ಟೋಫ್ ಟ್ರೆಬೆಶ್—ಈ ಐವರು ಚೀನದ ಸರಕಾರಿ ಸಂಸ್ಥೆಗಳು ೨೪ ಬಡ ಹಾಗೂ ಮಧ್ಯಮ ಆದಾಯದ ದೇಶಗಳೊಡನೆ ಮಾಡಿಕೊಂಡ ೧೦೦ ಕರಾರುಗಳನ್ನು ಕಲೆಹಾಕಿ, ಕಲಮು ಕಲಮಾಗಿ ಓದಿದ್ದಾರೆ. ಒಟ್ಟು ಮೊತ್ತ ೩,೬೬೦ ಕೋಟಿ ಡಾಲರು.

ಚೀನದ ಸಾಲವೆಂದೊಡನೆ ನಮ್ಮ ಕಣ್ಮುಂದೆ ಬರುವುದು ಶ್ರೀಲಂಕದ ಹಂಬನ್‌ತೋಟ. ಬಾಕಿಗಾಗಿ ಬಂದರನ್ನೇ ಜಪ್ತಿ ಮಾಡಿದರೆಂಬ ಮಾತು ಮನೆಮಾತಾಗಿದೆ. ೨೦೧೭ರಲ್ಲಿ ಆ ಬಂದರು ೯೯ ವರ್ಷದ ಗುತ್ತಿಗೆಗೆ ಹೋದುದು ದಿಟ. ಆದರೆ ಗುತ್ತಿಗೆಯ ಹಣ ಆ ಸಾಲಕ್ಕೆ ವಜಾ ಆಗಲಿಲ್ಲ, ಸಾಲ ಸಾಲವಾಗಿಯೇ ಉಳಿಯಿತು. ಡೆಬೊರಾ ಬ್ರಾಟಿಗಾಂ ಅವರು ಇದನ್ನು ಸ್ಪಷ್ಟವಾಗಿ ತೋರಿಸಿದ್ದಾರೆ. ನೂರು ಪತ್ರಗಳ ಓದಿನಿಂದ ಹೊರಬಿದ್ದ ಸಂಗತಿ ಬೇರೆಯೇ. ಅದು ಗುಟ್ಟಿನ ಸಂಗತಿ.

ಅಧ್ಯಯನಕ್ಕೆ ಸಿಕ್ಕಿದ ಪತ್ರಗಳಲ್ಲಿ ೨೦೧೪ರ ನಂತರದವೆಲ್ಲಕ್ಕೂ ಗೋಪ್ಯತೆಯ ಷರತ್ತಿದೆ. ಬಡ್ಡಿ, ಗಡುವುಗಳ ಮಾತಿರಲಿ, ಕೆಲವೆಡೆ ಸಾಲವಿದೆ ಎಂಬುದನ್ನೇ ಬಾಯಿಬಿಡಕೂಡದು! ಮುಕ್ಕಾಲು ಪಾಲಿನಷ್ಟು ಪತ್ರಗಳಲ್ಲಿ ಇನ್ನೊಂದು ಕಟ್ಟುಪಾಡು: ಪ್ಯಾರಿಸ್ ಕ್ಲಬ್ಬಿನಂತೆ ಸಾಲ ಕೊಟ್ಟವರೆಲ್ಲ ಕೂಡಿ ಮಾಡುವ ರಾಜಿಗೆ ಈ ಸಾಲವನ್ನು ಸೇರಿಸಬಾರದು. ಹತ್ತರಲ್ಲಿ ಮೂರರಷ್ಟು ಪತ್ರಗಳ ಪ್ರಕಾರ ಸಾಲ ಪಡೆದ ದೇಶ ಪ್ರತ್ಯೇಕ ಬ್ಯಾಂಕು ಖಾತೆಯೊಂದನ್ನು ಇಟ್ಟಿರಬೇಕು. ಬಾಕಿ ಬಿದ್ದರೆ ಅದರಲ್ಲಿರುವ ಹಣವೇ ಒತ್ತೆ.

ಇಂಥ ಪದಗಳು ಹೇಗೆ ಕೆಲಸ ಮಾಡುತ್ತವೆಂಬುದಕ್ಕೆ ಅರ್ಜೆಂಟೀನದ ಪ್ರಸಂಗವೊಂದು ಸಾಕು. ಸಾಂಟಾ ಕ್ರೂಸ್ ನದಿಯ ಎರಡು ಅಣೆಕಟ್ಟುಗಳಿಗೆ ೨೦೧೪ರಲ್ಲಿ ಚೀನದ ಬ್ಯಾಂಕುಗಳಿಂದ ೪೭೦ ಕೋಟಿ ಡಾಲರು ಸಾಲ ಗೊತ್ತಾಯಿತು. ಮುಂದೆ ಬಂದ ಮಾಕ್ರಿ ಸರಕಾರ ಯೋಜನೆಯನ್ನು ಮರುಪರಿಶೀಲಿಸಹೊರಟಾಗ ಬ್ಯಾಂಕುಗಳು ಕರಾರಿನ ಒಂದು ಕಲಮನ್ನು ನೆನಪಿಸಿದವು: ಅಣೆಕಟ್ಟು ನಿಂತರೆ ರೈಲುಮಾರ್ಗಕ್ಕೆ ಕೊಟ್ಟ ಬೇರೊಂದು ಸಾಲವೂ ನಿಲ್ಲುವುದು. ನದಿಗೂ ರೈಲಿಗೂ ಗಂಟು ಹಾಕಿದ್ದು ಒಂದು ವಾಕ್ಯ. ಚುನಾವಣೆಯಲ್ಲಿ ಗೆದ್ದು ಬಂದ ಸರಕಾರ ಆ ವಾಕ್ಯದೆದುರು ಹಿಂದೆಗೆಯಿತು, ಅಣೆಕಟ್ಟುಗಳನ್ನು ಕೈಬಿಡಲಾಗಲಿಲ್ಲ.

ಇನ್ನು ಕೊರತೆಯ ಮಾತು. ಚೀನ ಕೊಟ್ಟ ಸಾಲಗಳು ಸಾವಿರಾರು. ಕೈಗೆ ಸಿಕ್ಕಿದವು ನೂರು. ಇಷ್ಟರಿಂದಲೇ 'ಚೀನ ಸಾಲ ಕೊಡುವ ಬಗೆ' ಎಂದು ಹೆಸರಿಟ್ಟುದು ತುಸು ಎದೆಗಾರಿಕೆಯೇ ಸರಿ. ಇತರ ಸಾಲಗಳೊಡನೆ ಹೋಲಿಸುವಾಗಲೂ ಅಧ್ಯಯನ ಬಹುಮಟ್ಟಿಗೆ ಕ್ಯಾಮರೂನ್ ಒಂದೇ ದೇಶದ ಪತ್ರಗಳನ್ನು ಆಧರಿಸಿದೆ. ಅದಕ್ಕಿಂತ ಹೆಚ್ಚಾಗಿ, ಗುಟ್ಟು ಚೀನದ ಸೊತ್ತೆಂಬ ಭಾವನೆ ಓದುಗನಲ್ಲಿ ಸುಲಭವಾಗಿ ಮೂಡುತ್ತದೆ. ಮೊಸಾಂಬಿಕ್ ೨೦೧೩-೧೪ರಲ್ಲಿ ಸುಮಾರು ೨೦೦ ಕೋಟಿ ಡಾಲರು ಪಡೆದುದು ಸ್ವಿಟ್ಜರ್‌ಲೆಂಡಿನ ಮತ್ತು ರಷ್ಯದ ಬ್ಯಾಂಕುಗಳಿಂದ. ಆ ಮೂರು ಸಾಲಗಳಲ್ಲಿ ಎರಡು ೨೦೧೬ರವರೆಗೆ ಜನಕ್ಕಾಗಲಿ ಪಾರ್ಲಿಮೆಂಟಿಗಾಗಲಿ ತಿಳಿದಿರಲಿಲ್ಲ. ಈ ಅಧ್ಯಯನದ ಪಕ್ಕದಲ್ಲಿ ಅದನ್ನೂ ಇಟ್ಟು ನೋಡುವುದು ನ್ಯಾಯ.

ಹಾಗೆಂದು ಗುಟ್ಟಿನ ಬೆಲೆ ಕಡಮೆಯಾಗುವುದಿಲ್ಲ. ೨೦೨೦ರ ನವೆಂಬರಿನಲ್ಲಿ ಜಾಂಬಿಯ ಬಡ್ಡಿಯ ಗಡುವನ್ನು ಮುಂದೂಡುವಂತೆ ಬಾಂಡುದಾರರನ್ನು ಬೇಡಿತು. ಚೀನದ ಸಾಲದ ವಿವರ ತಮಗೆ ಸರಿಯಾಗಿ ಸಿಕ್ಕಿಲ್ಲವೆಂಬುದು ಅವರ ದೊಡ್ಡ ಆಕ್ಷೇಪಣೆಗಳಲ್ಲೊಂದು. ಅವರು ಒಪ್ಪಲಿಲ್ಲ, ಕಂತು ತಪ್ಪಿತು. ತಾನು ನೋಡದ ಪತ್ರದ ಬಡ್ಡಿಯನ್ನು ತನ್ನ ತೆರಿಗೆಯಿಂದ ತೆರಬೇಕಾದ ಜಾಂಬಿಯದ ರೈತನನ್ನು ಇಲ್ಲಿ ಯಾರೂ ಕೇಳಲಿಲ್ಲ. ಅಧ್ಯಯನದ ಕೋಷ್ಟಕಗಳಲ್ಲಿಯೂ ಅವನಿಲ್ಲ.

ಬರವಣಿಗೆ ವಕೀಲರ ಭಾಷೆಯಿಂದ ಭಾರವಾಗಿದೆ. ಸಾಮಾನ್ಯ ಓದುಗ ಕೆಲವು ಪುಟಗಳನ್ನು ಹಾರಿಸಿಯೇ ಮುಂದುವರಿಯಬೇಕು. ಆದರೆ ಸರಕಾರಿ ಗೆಜೆಟ್ಟು, ಪಾರ್ಲಿಮೆಂಟಿನ ಕಡತ ಮುಂತಾದವುಗಳಿಂದ ಹೆಕ್ಕಿ ತೆಗೆದ ಮೂಲಪತ್ರಗಳನ್ನು ಲೇಖಕರು ತಮ್ಮಲ್ಲೇ ಇಟ್ಟುಕೊಳ್ಳದೆ ಅಧ್ಯಯನದೊಡನೆ ಪ್ರಕಟಿಸಿದ್ದಾರೆ. ಅವರ ತೀರ್ಮಾನವನ್ನು ಒಪ್ಪದವರು ಆ ಪತ್ರಗಳನ್ನು ತಾವೇ ಓದಿ ನೋಡಬಹುದು.