ಇಖ್ಲಾಸ್ ಖಾನನ ಕಪ್ಪು

ಊರಿನಿಂದ ಬಂದ ನೆಂಟರನ್ನು ಆಕ್ಲೆಂಡ್ ಆರ್ಟ್ ಗ್ಯಾಲರಿಗೆ ಕರೆದೊಯ್ದ ನಮ್ಮ ಸದಸ್ಯರೆಲ್ಲ ಗೋಲ್ಡಿ ಬರೆದ ಮಾವೊರಿ ಮುಖಗಳ ಮುಂದೆ ಒಂದು ಗಳಿಗೆ ನಿಂತಿರುತ್ತಾರೆ. ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಹಚ್ಚೆಯ ಗೆರೆ, ಮುಪ್ಪಿನ ಸುಕ್ಕು, ತೇವಗೊಂಡ ಕಣ್ಣು, ಎಲ್ಲವೂ ವೈದ್ಯರಾದ ನಮಗೆ ರೋಗಿಯನ್ನು ಎದುರಿಗೆ ಕೂರಿಸಿಕೊಂಡಷ್ಟು ಸ್ಪಷ್ಟ. ಆದರೆ ಈ ಮುದುಕರಲ್ಲಿ ಇಷ್ಟೊಂದು ಮಂದಿ ಸೋತು ಕುಳಿತಿರುವುದೇಕೆ? 1941ರ ಒಂದು ಚಿತ್ರಕ್ಕೆ ಗೋಲ್ಡಿ ಇಟ್ಟ ಹೆಸರಿನ ಅರ್ಥ 'ಉದಾತ್ತ ಕುಲದ ಉದಾತ್ತ ಪಳೆಯುಳಿಕೆ'. ಮಾವೊರಿಗಳು ಅಳಿದುಹೋಗುತ್ತಾರೆಂದು ಬಿಳಿಯರು ನಂಬಿದ್ದ ಕಾಲದಿಂದ ಬಂದ ನೋಟ ಅದು. ಅವರು ಅಳಿಯಲಿಲ್ಲ. 2021ರಲ್ಲಿ ರಾಜ ತುಹೇಯಿಟಿಯಾ ಹೆಸರಿನ ಬಹುಮಾನವೊಂದು ವೆಲಿಂಗ್ಟನ್ನಿನ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಶುರುವಾಯಿತು. ಅದಕ್ಕೆ ಮಾವೊರಿ ಕಲಾವಿದರು ತಮ್ಮ ಪೂರ್ವಜರನ್ನು ತಾವೇ ಚಿತ್ರಿಸಬೇಕು.

ಈ ಮಾತೆತ್ತಲು ಕಾರಣ ನಮ್ಮದೇ ನಾಡಿನ ಒಂದು ಚಿತ್ರ. ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್‌ಶಾಹನ ಮಂತ್ರಿ ಇಖ್ಲಾಸ್ ಖಾನ್ ಆಫ್ರಿಕ ಮೂಲದ ಹಬ್ಶಿ. ಬಿಜಾಪುರದ ಚಿತ್ರಕಾರರು 1645-50ರ ಸುಮಾರಿಗೆ ಅವನನ್ನು ಹಲವು ಸಲ ಬರೆದರು. ಒಂದರಲ್ಲಿ ಅವನು ಸುಲ್ತಾನನೊಡನೆ ಅದೇ ಆನೆಯ ಮೇಲಿದ್ದಾನೆ. ಈಗ ಅಮೆರಿಕದ ಸ್ಯಾನ್ ಡಿಯಾಗೊ ಮ್ಯೂಸಿಯಮ್ಮಿನಲ್ಲಿರುವ ಇನ್ನೊಂದರಲ್ಲಿ ಅವನ ಕೈಯಲ್ಲೊಂದು ಅರ್ಜಿ. ನಾವು ಅಚ್ಚಿನಲ್ಲಷ್ಟೇ ಕಂಡ ಈ ಚಿತ್ರವೇ ನಮ್ಮ ಮಟ್ಟಿಗೆ ಗೋಲ್ಡಿಗಿಂತ ದೊಡ್ಡದು. ಮುಖ ಕಪ್ಪು, ಚಿತ್ರಕಾರ ಅದನ್ನು ತಿಳಿಯಾಗಿಸಿಲ್ಲ, ವಿಚಿತ್ರವಾಗಿಸಿಯೂ ಇಲ್ಲ. ಕೆಲಸದಲ್ಲಿರುವ ಅಧಿಕಾರಿ, ಅಷ್ಟೇ. (ಚಿತ್ರವನ್ನು ಇಲ್ಲಿ ಹಾಕಿಲ್ಲ. ನಮ್ಮ ಜೆರಾಕ್ಸ್ ಯಂತ್ರ ಕಪ್ಪು ಮುಖಗಳನ್ನೆಲ್ಲ ಮಸಿಯ ಮುದ್ದೆ ಮಾಡಿಬಿಡುತ್ತದೆ!)

ನಗೆಯಾಡಿದೆವು, ಆದರೆ ಯಂತ್ರದ ತಪ್ಪು ಸಣ್ಣದಲ್ಲ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕಪ್ಪು ರೋಗಿಗಳಲ್ಲಿ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ಗುರುತಿಸದೆ ಬಿಟ್ಟಿತೆಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ನೋಡಲು ಕಲಿಯದ ಕಣ್ಣಿನಿಂದ ಜೀವಕ್ಕೇ ಅಪಾಯ. ಅಮೆರಿಕದ ಕೆರಿ ಜೇಮ್ಸ್ ಮಾರ್ಷಲ್ ಬೇರೆ ಬೇರೆ ಕಪ್ಪು ಬಣ್ಣಗಳನ್ನು ಬಳಸಿ, ಕಪ್ಪಿನೊಳಗೇ ಕೆನ್ನೆ, ಕತ್ತು, ನೆರಳು ಮೂಡಿಸುತ್ತಾರೆ. ಏಮಿ ಶೆರಲ್ಡ್ 2018ರಲ್ಲಿ ಅನಾವರಣಗೊಂಡ ಮಿಶೆಲ್ ಒಬಾಮಾ ಚಿತ್ರದಲ್ಲಿ ಚರ್ಮವನ್ನು ಬೂದುಬಣ್ಣದಲ್ಲಿ ಬರೆದರು. ಮೈಬಣ್ಣದಿಂದ ಮನುಷ್ಯರನ್ನು ಅಳೆಯುವವರ ಕೈಯಿಂದ ಅಳತೆಗೋಲನ್ನೇ ಕಿತ್ತುಕೊಳ್ಳುವ ಉಪಾಯವೆಂದು ನಾವು ತಿಳಿಯುತ್ತೇವೆ. ಜಾಣತನವೇನೋ ಸರಿ, ನಮಗೆ ಮಾರ್ಷಲ್ಲರ ಹಟವೇ ಹೆಚ್ಚು ಹಿಡಿಸಿತು.

ನಮ್ಮ ಮನೆಗಳ ಮಾತು ಹೇಗಿದೆ? ಹೆಣ್ಣು ನೋಡಿ ಬಂದವರು ಇಂದಿಗೂ 'ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ' ಎನ್ನುತ್ತಾರೆ. ಇಲ್ಲಿ ಹುಟ್ಟಿದ ಮಕ್ಕಳಿಗೂ ಅದನ್ನು ಕಲಿಸುತ್ತಿದ್ದೇವೆ. ಆ 'ಇದ್ದರೂ' ಎಂಬುದು ಇಖ್ಲಾಸ್ ಖಾನನ ಚಿತ್ರದಲ್ಲಿ ಎಲ್ಲಿ ಹುಡುಕಿದರೂ ಇಲ್ಲ.

ಆಫ್ರಿಕ ಮೂಲದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ತಲೆಮಾರುಗಳಿಂದ ಇದ್ದಾರೆ. ಪರಿಶಿಷ್ಟ ಪಂಗಡವೆಂಬ ಮನ್ನಣೆ ಸಿಕ್ಕಿದ್ದು 2003ರಲ್ಲಿ. ಅವರಲ್ಲಿ ಮೊದಲಿಗರಾಗಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದದ್ದು 2020ರಲ್ಲಿ. ನಾವು ಪತ್ರಿಕೆಗಳಲ್ಲಿ ಕಾಣುವ ಸಿದ್ದಿಗಳ ಚಿತ್ರ ಹೆಚ್ಚಾಗಿ ಡಮಾಮಿ ಕುಣಿತದ ಫೋಟೊ. ಕೆಳಗೆ 'ಸಿದ್ದಿ ಮಹಿಳೆಯರು' ಎಂದಿರುತ್ತದೆ, ಹೆಸರಿರುವುದಿಲ್ಲ. ಮುನ್ನೂರೆಪ್ಪತ್ತು ವರ್ಷಗಳ ಹಿಂದಿನ ಹಬ್ಶಿಯ ಹೆಸರು ಮಾತ್ರ ನಮಗೆ ಗೊತ್ತು.